‘ಕಂಪ್ಯೂಟರ್’ ಎಂದರೆ ಮನುಷ್ಯ ಎಂದಿದ್ದ ಕಾಲ

1936ರಲ್ಲಿ ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ಒಂದು ಪ್ರಬಂಧ ಬರೆದರು. ಇವತ್ತಿನ ಕಂಪ್ಯೂಟರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಬರಹ ಅದು. ಅದರಲ್ಲೊಂದು ಸಾಲು ಬರುತ್ತದೆ. ಕಂಪ್ಯೂಟರ್ ಒಂದು ಕ್ಷಣದಲ್ಲಿ ಏನು ಮಾಡುತ್ತಾನೆ ಅನ್ನುವುದನ್ನು ಆಗ ಅವನ ಕಣ್ಣ ಮುಂದಿರುವ ಚಿಹ್ನೆಗಳು ಮತ್ತು ಅವನ ಮನಸ್ಸಿನ ಸ್ಥಿತಿ ತೀರ್ಮಾನಿಸುತ್ತವೆ ಎಂಬ ಅರ್ಥದ ಸಾಲು. ಮಾಡುತ್ತಾನೆ. ಅವನ ಕಣ್ಣು. ಅವನ ಮನಸ್ಸು. ಟ್ಯೂರಿಂಗ್ ಅಲ್ಲಿ ಬರೆದಿರುವುದೇ ‘ಹೀ’ ಎಂದು, ‘ಇಟ್’ ಎಂದಲ್ಲ.

ಯಂತ್ರಕ್ಕೆ ಮನಸ್ಸಿದೆ ಎಂದು ಅವರು ವಾದಿಸುತ್ತಿರಲಿಲ್ಲ. ಆಗಿನ ಇಂಗ್ಲಿಷಿನಲ್ಲಿ ಕಂಪ್ಯೂಟರ್ ಎಂದರೆ ಒಬ್ಬ ಮನುಷ್ಯ. ಪೆನ್ಸಿಲು ಕಾಗದ ಹಿಡಿದು ಕೂತು ಲೆಕ್ಕ ಮಾಡುವವನು, ಅಥವಾ ಮಾಡುವವಳು. ಟೀಚರ್, ಡ್ರೈವರ್ ಇದ್ದ ಹಾಗೆ ಅದೂ ಒಂದು ಉದ್ಯೋಗದ ಹೆಸರು. ಯಂತ್ರದ ಮಾತು ಬಂದಾಗ ಟ್ಯೂರಿಂಗ್ ‘ಕಂಪ್ಯೂಟಿಂಗ್ ಮೆಷಿನ್’ ಎಂದು ಬಿಡಿಸಿ ಬರೆದರು.

ಮುನ್ನೂರು ವರ್ಷಕ್ಕೂ ಜಾಸ್ತಿ ಕಾಲ ಮನುಷ್ಯರನ್ನು ಕರೆಯುತ್ತಿದ್ದ ಪದ ಹತ್ತಿಪ್ಪತ್ತು ವರ್ಷದಲ್ಲಿ ಯಂತ್ರದ ಪಾಲಾಯಿತು. ಅದು ಹೇಗಾಯಿತು ಎಂದು ಹುಡುಕಿಕೊಂಡು ಹೋದರೆ ಬಹಳ ಜನರ ದುಡಿಮೆ ಎದುರಾಗುತ್ತದೆ. ಅವರಲ್ಲಿ ಹೆಚ್ಚಿನವರ ಹೆಸರೇ ನಮಗೆ ಗೊತ್ತಿಲ್ಲ. ನನಗೆ ಈ ಪದದ ಮೇಲೆ ಇಷ್ಟು ಆಸೆ ಇರುವುದು ಅದಕ್ಕೇ.

ಮೊದಲು ಬೇರಿಗೆ ಹೋಗೋಣ. ಲ್ಯಾಟಿನ್‌ನಲ್ಲಿ ‘ಕೊಂಪುತಾರೆ’ ಎಂಬ ಕ್ರಿಯಾಪದವಿದೆ. ‘ಕೊಮ್’ ಎಂದರೆ ಒಟ್ಟಿಗೆ. ‘ಪುತಾರೆ’ ಎಂದರೆ ಮೊದಮೊದಲು ಶುಚಿ ಮಾಡು, ಗಿಡ ಬಳ್ಳಿಗಳ ಬೇಡದ ಕೊಂಬೆ ಸವರು ಎಂದರ್ಥ. ಆಮೇಲೆ ಅದೇ ಮಾತು ಲೆಕ್ಕವನ್ನು ಚೊಕ್ಕ ಮಾಡುವುದಕ್ಕೂ ಬಂತು. ಅಲ್ಲಿಂದ ಮುಂದೆ ‘ಯೋಚಿಸು’ ಅನ್ನುವ ಅರ್ಥಕ್ಕೂ ಹೋಯಿತು. ನಮಗೆ ಇದು ಅಷ್ಟೇನೂ ವಿಚಿತ್ರವಲ್ಲ. ‘ಅವನು ಒಳಗೊಳಗೇ ಏನೋ ಲೆಕ್ಕ ಹಾಕ್ತಿದ್ದಾನೆ’ ಎಂದಾಗ ನಾವೂ ಕೂಡಿಸಿ ಕಳೆಯುವ ಮಾತಾಡುತ್ತಿರುವುದಿಲ್ಲ, ಅಲ್ವಾ? ಇಂಗ್ಲಿಷಿನಲ್ಲಿ ಈ ಬೇರಿಗೆ ದೊಡ್ಡ ಸಂಸಾರವೇ ಇದೆ. ಅಂಗ ಕತ್ತರಿಸುವ ‘ಆಂಪ್ಯುಟೇಟ್’ ಹಳೆಯ ಕೊಂಬೆ ಸವರುವ ಅರ್ಥವನ್ನು ಇನ್ನೂ ಉಳಿಸಿಕೊಂಡಿದೆ. ‘ಡಿಸ್ಪ್ಯೂಟ್’, ‘ರೆಪ್ಯುಟೇಶನ್’, ‘ಡೆಪ್ಯುಟಿ’ ಎಲ್ಲವೂ ಅದರ ದಾಯಾದಿಗಳು.

ಇನ್ನೊಂದು ಹತ್ತಿರದ ನೆಂಟನಿದೆ, ‘ಕೌಂಟ್’. ಎಣಿಸು ಅನ್ನುವ ಈ ಚಿಕ್ಕ ಪದ ಬಂದದ್ದೂ ‘ಕೊಂಪುತಾರೆ’ಯಿಂದಲೇ. ದಾರಿ ಮಾತ್ರ ಬೇರೆ. ಲ್ಯಾಟಿನ್ ಪದ ಫ್ರೆಂಚರ ಆಡುಮಾತಿನಲ್ಲಿ ಶತಮಾನಗಳ ಕಾಲ ಉರುಳಿ, ಸವೆದು, ಚಿಕ್ಕದಾಗಿ, ಇಂಗ್ಲಿಷಿಗೆ ‘ಕೌಂಟ್’ ಆಗಿ ಬಂತು. ಆಮೇಲೆ ಓದಿದವರು ಅದೇ ಲ್ಯಾಟಿನ್ ಪದವನ್ನು ಪುಸ್ತಕದಿಂದ ಇನ್ನೊಮ್ಮೆ ಎತ್ತಿಕೊಂಡರು. ಅದು ‘ಕಂಪ್ಯೂಟ್’. ಒಂದೇ ಪದ ಎರಡು ಬಾಗಿಲಿನಿಂದ ಒಳಗೆ ಬಂದಿದೆ. ಫ್ರೆಂಚಿನಲ್ಲಿ ಈ ಬೇರಿನಿಂದಲೇ ‘ಎಣಿಸು’ ಮತ್ತು ‘ಕಥೆ ಹೇಳು’ ಎರಡೂ ಹುಟ್ಟಿವೆ. ಇಂಗ್ಲಿಷಿನ ‘ಟೆಲ್’ ಕೂಡ ಹಿಂದೆ ಎಣಿಸು ಎಂಬ ಅರ್ಥ ಕೊಡುತ್ತಿತ್ತು. ಬ್ಯಾಂಕಿನಲ್ಲಿ ಹಣ ಎಣಿಸಿ ಕೊಡುವವರನ್ನು ‘ಟೆಲರ್’ ಅನ್ನುವುದು ಆ ಕಾರಣಕ್ಕೆ.

ಮಧ್ಯಯುಗದ ಯುರೋಪಿನಲ್ಲಿ ‘ಕಂಪ್ಯೂಟಸ್’ ಎಂಬ ವಿದ್ಯೆಯಿತ್ತು. ಈಸ್ಟರ್ ಹಬ್ಬದ ದಿನ ಗೊತ್ತುಮಾಡುವ ಲೆಕ್ಕ. ವಸಂತ ವಿಷುವ, ಅಂದರೆ ಮಾರ್ಚಿನಲ್ಲಿ ಹಗಲು ರಾತ್ರಿ ಸಮವಾಗುವ ದಿನ. ಅದರ ನಂತರದ ಹುಣ್ಣಿಮೆ, ಆ ಹುಣ್ಣಿಮೆಯ ನಂತರದ ಭಾನುವಾರ. ಹೇಳುವುದು ಸುಲಭ. ಆದರೆ ಚಂದ್ರನ ತಿಂಗಳು ಸೂರ್ಯನ ವರ್ಷಕ್ಕೆ ಸರಿಯಾಗಿ ಕೂರುವುದಿಲ್ಲ. ಇಂಗ್ಲೆಂಡಿನ ಸನ್ಯಾಸಿ ಬೀಡ್ 725ರಲ್ಲಿ ಇದರ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಬೆರಳು ಮಡಚಿ ಸಾವಿರಗಟ್ಟಲೆ ಎಣಿಸುವ ವಿಧಾನವೂ ಅದರಲ್ಲಿದೆ.

ಇಂಗ್ಲಿಷಿನಲ್ಲಿ ‘ಕಂಪ್ಯೂಟರ್’ ಸಿಗುವುದು 1613ರ ಒಂದು ಪುಸ್ತಕದಲ್ಲಿ. ರಿಚರ್ಡ್ ಬ್ರಾತ್‌ವೇಟ್ ಎಂಬ ಲೇಖಕ ಮನುಷ್ಯನ ಆಯಸ್ಸು ಎಷ್ಟು ಚಿಕ್ಕದು ಎಂದು ಹೇಳುತ್ತಾ, ಅದನ್ನು ಲೆಕ್ಕ ಹಾಕಿದವನನ್ನು ಕಾಲದ ಅತ್ಯಂತ ನಿಜವಾದ ಕಂಪ್ಯೂಟರ್ ಎಂದು ಕರೆದಿದ್ದಾರೆ. 1646ರಲ್ಲಿ ಥಾಮಸ್ ಬ್ರೌನ್ ಕಾಲಗಣನೆ ಮಾಡುವ ಪಂಡಿತರಿಗೆ ಇದೇ ಪದ ಬಳಸಿದರು. ಆಗಿನ್ನೂ ಇದು ನೌಕರಿಯಲ್ಲ. ಲೆಕ್ಕ ಮಾಡುವ ಯಾರನ್ನಾದರೂ ಹಾಗೆ ಕರೆಯಬಹುದಿತ್ತು.

ನೌಕರಿಯಾದದ್ದು 18ನೇ ಶತಮಾನದಲ್ಲಿ. ಆಗ ಲೆಕ್ಕಗಳು ಒಬ್ಬರ ಕೈಯಲ್ಲಿ ಮುಗಿಯದಷ್ಟು ಬೆಳೆದವು. 1682ರಲ್ಲಿ ಕಂಡ ಧೂಮಕೇತು 1758ರ ಹೊತ್ತಿಗೆ ಮತ್ತೆ ಬರುತ್ತದೆ ಎಂದು ಎಡ್ಮಂಡ್ ಹ್ಯಾಲಿ ಹೇಳಿಹೋಗಿದ್ದರು. ಸರಿಯಾಗಿ ಯಾವ ತಿಂಗಳು? ದಾರಿಯಲ್ಲಿ ಗುರುವೂ ಶನಿಯೂ ಅದನ್ನು ಎಳೆಯುತ್ತವೆ. ಆ ಸೆಳೆತವನ್ನು ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕಬೇಕು. ಪ್ಯಾರಿಸ್ಸಿನಲ್ಲಿ ಅಲೆಕ್ಸಿ ಕ್ಲೆರೊ, ಜೆರೋಮ್ ಲಲಾಂದ್ ಮತ್ತು ನಿಕೋಲ್ ರೇನ್ ಲಪೋತ್ ಎಂಬ ಮಹಿಳೆ ಈ ಕೆಲಸಕ್ಕೆ ಕೂತರು. ಸುಮಾರು ಆರು ತಿಂಗಳು ಬೆಳಗಿನಿಂದ ರಾತ್ರಿಯವರೆಗೆ, ಕೆಲವು ಸಲ ಊಟ ಮಾಡುತ್ತಲೇ ಲೆಕ್ಕ ಮಾಡಿದೆವು ಎಂದು ಲಲಾಂದ್ ಬರೆದಿದ್ದಾರೆ. 1759ರ ಏಪ್ರಿಲ್ ಮಧ್ಯಕ್ಕೆ ಧೂಮಕೇತು ಸೂರ್ಯನ ಹತ್ತಿರಕ್ಕೆ ಬರುತ್ತದೆ, ಒಂದು ತಿಂಗಳು ಹಿಂದೆ ಮುಂದೆ ಆಗಬಹುದು ಎಂದರು. ಅದು ಮಾರ್ಚ್ 13ಕ್ಕೆ ಬಂತು. ಆದರೆ ಕ್ಲೆರೊ ಆಮೇಲೆ ಈ ಬಗ್ಗೆ ಬರೆದ ಪುಸ್ತಕದಲ್ಲಿ ಲಪೋತ್ ಹೆಸರನ್ನು ಕೈಬಿಟ್ಟರು. ಈ ಪದದ ಚರಿತ್ರೆಯಲ್ಲಿ ಇಂಥದ್ದು ಮತ್ತೆ ಮತ್ತೆ ನಡೆಯುತ್ತದೆ.

ಬ್ರಿಟನ್ನಿನಲ್ಲಿ ಇದು ಸಂಬಳದ ಕೆಲಸವಾದದ್ದು ಹಡಗುಗಳಿಂದ. ನಡುಸಮುದ್ರದಲ್ಲಿರುವ ನಾವಿಕನಿಗೆ ತಾನಿರುವ ರೇಖಾಂಶ ಗೊತ್ತಾಗಬೇಕು. ಅದಕ್ಕೆ ಚಂದ್ರ ಯಾವ ಹೊತ್ತಿಗೆ ಯಾವ ನಕ್ಷತ್ರದಿಂದ ಎಷ್ಟು ದೂರದಲ್ಲಿರುತ್ತಾನೆ ಎಂಬ ಪಟ್ಟಿ ಕೈಯಲ್ಲಿರಬೇಕು. ಆಸ್ಥಾನ ಖಗೋಳಜ್ಞ ನೆವಿಲ್ ಮ್ಯಾಸ್ಕಲಿನ್ 1767ರ ವರ್ಷದಿಂದ ಶುರುವಾಗುವ ‘ನಾಟಿಕಲ್ ಆಲ್ಮನ್ಯಾಕ್’ ಹೊರತಂದರು. ದಿನಕ್ಕೆ ಪ್ರತಿ ಮೂರು ಗಂಟೆಗೊಂದರಂತೆ ವರ್ಷಪೂರ್ತಿ ಅಂಕಿಗಳು. ಇದನ್ನು ಮಾಡಿದವರು ಬೇರೆ ಬೇರೆ ಊರುಗಳಲ್ಲಿ ತಮ್ಮ ಮನೆಯಲ್ಲೇ ಕೂತು ದುಡಿದ ಕಂಪ್ಯೂಟರುಗಳು. ಒಂದೇ ಲೆಕ್ಕವನ್ನು ಇಬ್ಬರಿಗೆ ಕೊಡುತ್ತಿದ್ದರು. ಇಬ್ಬರ ಉತ್ತರವೂ ‘ಕಂಪೇರರ್’ ಎಂಬ ಮೂರನೆಯವರಿಗೆ ಹೋಗುತ್ತಿತ್ತು. ಎರಡೂ ತಾಳೆಯಾದರೆ ಸರಿ. ಇಲ್ಲದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕಬೇಕು. ಒಮ್ಮೆ ಇಬ್ಬರು ಕಂಪ್ಯೂಟರುಗಳು ಒಬ್ಬರದನ್ನೊಬ್ಬರು ನಕಲು ಮಾಡಿ ಸಿಕ್ಕಿಬಿದ್ದರು. ಅವರ ಕೆಲಸ ಹೋಯಿತು.

ಇವರಲ್ಲಿ ಲಡ್ಲೋ ಎಂಬ ಊರಿನ ಮೇರಿ ಎಡ್ವರ್ಡ್ಸ್ ಇದ್ದರು. ಕೆಲಸ ಬರುತ್ತಿದ್ದದ್ದು ಪಾದ್ರಿಯಾಗಿದ್ದ ಅವರ ಗಂಡನ ಹೆಸರಿಗೆ. 1784ರಲ್ಲಿ ಗಂಡ ತೀರಿಕೊಂಡರು. ಈ ಕೆಲಸವನ್ನು ನನಗೇ ಕೊಡಿ ಎಂದು ಮೇರಿ ಕೇಳಿಕೊಂಡರು. ಅಷ್ಟು ದಿನ ಲೆಕ್ಕದ ಬಹುಪಾಲು ಮಾಡಿದ್ದು ಅವರೇ ಎಂದು ಆಗ ಹೊರಬಿತ್ತು. ಅವರ ನಂತರ ಮಗಳು ಎಲೈಜಾ ಅದೇ ಕೆಲಸ ಮುಂದುವರಿಸಿದರು. 1832ರ ಸುಮಾರಿಗೆ ಎಲ್ಲವನ್ನೂ ಲಂಡನ್ನಿನ ಒಂದು ಕಚೇರಿಗೆ ತಂದರು. ಆ ಸರ್ಕಾರಿ ಕಚೇರಿಯಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಎಲೈಜಾ ಕೆಲಸ ಅಲ್ಲಿಗೆ ಮುಗಿಯಿತು.

ಅದೇ ಸಮಯದಲ್ಲಿ ಭಾರತದಲ್ಲೂ ಕಂಪ್ಯೂಟರುಗಳಿದ್ದರು. ದೇಶವನ್ನೆಲ್ಲ ತ್ರಿಕೋನಗಳಲ್ಲಿ ಅಳೆಯುತ್ತಿದ್ದ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆಗೆ ಗಣಿತ ಬಲ್ಲವರು ಬೇಕಾಗಿದ್ದರು. 1831ರಲ್ಲಿ ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಓದಿದ್ದ ರಾಧಾನಾಥ ಸಿಕ್ದಾರ್ ಎಂಬ ಹದಿಹರೆಯದ ಹುಡುಗ ಅಲ್ಲಿ ಸೇರಿದ. ಹುದ್ದೆಯ ಹೆಸರು ‘ಕಂಪ್ಯೂಟರ್’. ಮುಂದೆ ಅವರು ‘ಚೀಫ್ ಕಂಪ್ಯೂಟರ್’ ಆದರು. ಆಗ ಹಿಮಾಲಯದ ಹದಿನೈದನೇ ನಂಬರಿನ ಶಿಖರವನ್ನು ನೂರಾರು ಕಿಲೋಮೀಟರ್ ದೂರದ ಬಯಲಿನಿಂದ ದುರ್ಬೀನಿನಲ್ಲಿ ನೋಡಿ ಕೋನಗಳನ್ನು ಬರೆದುಕೊಂಡು ಬರುತ್ತಿದ್ದರು. ಅಷ್ಟು ದೂರದಿಂದ ಬರುವ ಬೆಳಕು ಗಾಳಿಯಲ್ಲಿ ಬಾಗುತ್ತದೆ. ಭೂಮಿಯೇ ಗುಂಡಗಿದೆ. ಇವೆಲ್ಲದರ ತಿದ್ದುಪಡಿ ಲೆಕ್ಕದಲ್ಲೇ ಆಗಬೇಕು. ಹಲವು ಕಡೆಯ ಅಳತೆಗಳನ್ನು ಸೇರಿಸಿ ಬಂದ ಉತ್ತರ 29,002 ಅಡಿ. ಸಿಕ್ದಾರ್ ಈ ಲೆಕ್ಕದ ಮುಖ್ಯ ವ್ಯಕ್ತಿ ಎಂದು ಪ್ರಸಿದ್ಧರಾಗಿದ್ದಾರೆ. 2020ರಲ್ಲಿ ಉಪಗ್ರಹಗಳ ನೆರವಿನಿಂದ ಅಳೆದು ಪ್ರಕಟಿಸಿದ ಎತ್ತರ 8,848.86 ಮೀಟರ್, ಅಂದರೆ ಸುಮಾರು 29,032 ಅಡಿ. ಯಾರೂ ಹತ್ತದ ಬೆಟ್ಟವೊಂದರ ಎತ್ತರವನ್ನು ಕಾಗದದ ಮೇಲೆ ಕಂಡುಹಿಡಿದಾಗ ಬಂದ ವ್ಯತ್ಯಾಸ ಬರೀ ಮೂವತ್ತು ಅಡಿ! ಶಿಖರಕ್ಕೆ ಮಾತ್ರ ಸರ್ವೆಯ ಹಿಂದಿನ ಮುಖ್ಯಸ್ಥ ಜಾರ್ಜ್ ಎವರೆಸ್ಟ್ ಹೆಸರಿಟ್ಟರು. ಸರ್ವೆಯ ಅಧಿಕೃತ ಕೈಪಿಡಿಯ 1851ರ ಮುದ್ರಣದಲ್ಲಿ ಸಿಕ್ದಾರ್‌ಗೆ ಕೃತಜ್ಞತೆಯ ಮಾತಿತ್ತು. ಅವರು ತೀರಿಕೊಂಡದ್ದು 1870ರಲ್ಲಿ. 1875ರ ಮುದ್ರಣದಲ್ಲಿ ಆ ಮಾತನ್ನು ತೆಗೆದುಹಾಕಿದ್ದರು.

ಯಂತ್ರ ಈ ಕಥೆಯೊಳಗೆ ಹೇಗೆ ಬಂತು? ನನ್ನ ಪ್ರಕಾರ ಯಂತ್ರ ಹುಟ್ಟುವ ಮೊದಲೇ ಅದಕ್ಕೆ ಜಾಗ ಸಿದ್ಧವಾಗಿತ್ತು. ಫ್ರೆಂಚ್ ಕ್ರಾಂತಿಯ ನಂತರ, 1790ರ ದಶಕದಲ್ಲಿ, ಗಾಸ್ಪಾರ್ ದ ಪ್ರೋನಿ ಎಂಬ ಎಂಜಿನಿಯರ್‌ಗೆ ಲಾಗರಿದಮ್ ಮತ್ತು ತ್ರಿಕೋನಮಿತಿಯ ದೊಡ್ಡ ಕೋಷ್ಟಕಗಳನ್ನು ಮಾಡುವ ಜವಾಬ್ದಾರಿ ಬಿತ್ತು. ಗುಂಡುಸೂಜಿ ಕಾರ್ಖಾನೆಯಲ್ಲಿ ಕೆಲಸ ಹಂಚಿ ಮಾಡುವ ಬಗ್ಗೆ ಆಡಂ ಸ್ಮಿತ್ ಬರೆದದ್ದನ್ನು ಪ್ರೋನಿ ಓದಿದ್ದರು. ಲೆಕ್ಕವನ್ನೂ ಹಾಗೇ ಹಂಚಿದರು. ಮೇಲೆ ಬೆರಳೆಣಿಕೆಯ ಗಣಿತಜ್ಞರು ಸೂತ್ರ ಆರಿಸುತ್ತಿದ್ದರು. ಅವರ ಕೆಳಗೆ ಒಂದು ಚಿಕ್ಕ ತಂಡ ಆ ಸೂತ್ರವನ್ನು ಅಂಕಿಗಳಾಗಿ ಒಡೆಯುತ್ತಿತ್ತು. ತಳದಲ್ಲಿ 60ರಿಂದ 80 ಜನ. ಅವರು ಮಾಡಬೇಕಾದದ್ದು ಕೂಡುವುದು, ಕಳೆಯುವುದು, ಅಷ್ಟೇ. ಇವರಲ್ಲಿ ಕೆಲವರು ಕ್ರಾಂತಿಯಿಂದ ಕೆಲಸ ಕಳೆದುಕೊಂಡಿದ್ದ ಕೇಶ ವಿನ್ಯಾಸಕರು ಎಂದು ಹೇಳುತ್ತಾರೆ. ಶ್ರೀಮಂತರ ತಲೆಯೇ ಉರುಳಿದ ಮೇಲೆ ಅವರ ಕೂದಲನ್ನು ಸಿಂಗರಿಸುವವರು ಇನ್ನೇನು ಮಾಡಬೇಕು?

ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್‌ಗೆ ಈ ಏರ್ಪಾಡು ಬಹಳ ಹಿಡಿಸಿತು. ಬರೀ ಕೂಡಿ ಕಳೆಯಲು ಗೊತ್ತಿದ್ದವರ ಹಾಳೆಗಳಲ್ಲಿ ಜಾಸ್ತಿ ತಿಳಿದವರಿಗಿಂತ ಕಡಿಮೆ ತಪ್ಪುಗಳಿದ್ದವು ಎಂದು ಅವರು ಗುರುತು ಮಾಡಿಕೊಂಡರು. ಗಣಿತ ಗೊತ್ತಿಲ್ಲದವರೂ ಗಣಿತ ಮಾಡಬಹುದಾದರೆ, ಮನುಷ್ಯನೇ ಯಾಕೆ ಬೇಕು? 1821ರಲ್ಲಿ ಬ್ಯಾಬೇಜ್ ಮತ್ತು ಜಾನ್ ಹರ್ಶೆಲ್ ಜೊತೆಯಾಗಿ ಖಗೋಳದ ಕೋಷ್ಟಕಗಳನ್ನು ತಿದ್ದುತ್ತಿದ್ದರು. ತಪ್ಪಿನ ಮೇಲೆ ತಪ್ಪು ಸಿಗುತ್ತಿತ್ತು. ಈ ಲೆಕ್ಕವನ್ನೆಲ್ಲ ಉಗಿಯಿಂದ ಮಾಡಿಸಲು ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಬ್ಯಾಬೇಜ್ ಬೇಸತ್ತು ಹೇಳಿದರಂತೆ. ಅಲ್ಲಿಂದ ಅವರ ಹಲ್ಲುಚಕ್ರಗಳ ಯಂತ್ರದ ಕನಸು ಶುರುವಾಯಿತು. ಆದರೆ ಅದನ್ನು ಅವರು ಕಂಪ್ಯೂಟರ್ ಎಂದು ಕರೆಯಲಿಲ್ಲ. ‘ಡಿಫರೆನ್ಸ್ ಎಂಜಿನ್’, ‘ಅನಾಲಿಟಿಕಲ್ ಎಂಜಿನ್’ ಎಂದರು. ಕಂಪ್ಯೂಟರ್ ಅನ್ನುವ ಹೆಸರಿನಲ್ಲಿ ಆಗ ಮನುಷ್ಯರಿದ್ದರು.

ಮುಂದಿನ ನೂರು ವರ್ಷ ಆ ಮನುಷ್ಯರ ಸಂಖ್ಯೆ ಬೆಳೆಯುತ್ತಲೇ ಹೋಯಿತು. ಅವರಲ್ಲಿ ಹೆಂಗಸರೂ ಜಾಸ್ತಿಯಾದರು. ಕಾರಣ ಸರಳ. ಅವರಿಗೆ ಕಡಿಮೆ ಸಂಬಳ ಕೊಟ್ಟರೆ ಸಾಕಿತ್ತು. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಎಡ್ವರ್ಡ್ ಪಿಕರಿಂಗ್ ಆಕಾಶದ ಫೋಟೊಗಳನ್ನು ಗಾಜಿನ ಫಲಕಗಳ ಮೇಲೆ ತೆಗೆಸುತ್ತಿದ್ದರು. ಅವನ್ನು ಭೂತಗನ್ನಡಿ ಹಿಡಿದು ನೋಡಿ, ಚುಕ್ಕಿ ಚುಕ್ಕಿಯನ್ನೂ ಅಳೆದು ಬರೆಯಲು ಹೆಂಗಸರನ್ನು ನೇಮಿಸಿದರು. ಗಂಟೆಗೆ 25-30 ಸೆಂಟ್. ವಿಲಿಯಮಿನಾ ಫ್ಲೆಮಿಂಗ್ ಅದಕ್ಕೂ ಮೊದಲು ಪಿಕರಿಂಗ್ ಮನೆಯಲ್ಲಿ ಮನೆಗೆಲಸ ಮಾಡುತ್ತಿದ್ದರು. ಆನಿ ಜಂಪ್ ಕ್ಯಾನನ್ ತಮ್ಮ ಜೀವಮಾನದಲ್ಲಿ ಸುಮಾರು 3,50,000 ನಕ್ಷತ್ರಗಳನ್ನು ವಿಂಗಡಿಸಿದರು. ಇವತ್ತಿಗೂ ನಕ್ಷತ್ರಗಳ ವರ್ಗಗಳಿಗೆ ಬಳಸುವುದು ಅವರು ಜೋಡಿಸಿಕೊಟ್ಟ ಅಕ್ಷರಗಳನ್ನೇ.

ಹೆನ್ರಿಯೆಟಾ ಲೆವಿಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೆಲವು ನಕ್ಷತ್ರಗಳು ಲಯಬದ್ಧವಾಗಿ ಮಂಕಾಗಿ ಮತ್ತೆ ಬೆಳಗುತ್ತವೆ. ನಮ್ಮ ಪಕ್ಕದ ಚಿಕ್ಕ ಗ್ಯಾಲಕ್ಸಿಯಾದ ‘ಸಣ್ಣ ಮೆಗೆಲಾನಿಕ್ ಮೋಡ’ದಲ್ಲಿರುವ ಇಂಥ 25 ನಕ್ಷತ್ರಗಳನ್ನು ಅವರು ಒಟ್ಟಿಗಿಟ್ಟು ನೋಡಿದರು. ಹೆಚ್ಚು ಪ್ರಕಾಶದ ನಕ್ಷತ್ರ ಹೆಚ್ಚು ನಿಧಾನವಾಗಿ ಮಿಣುಕುತ್ತದೆ ಎಂದು 1912ರಲ್ಲಿ ತೋರಿಸಿದರು. ಅಂದರೆ ಮಿಣುಕುವ ವೇಗ ನೋಡಿದರೆ ಅದರ ನಿಜವಾದ ಪ್ರಕಾಶ ಗೊತ್ತಾಗುತ್ತದೆ. ಅದು ನಮಗೆ ಎಷ್ಟು ಮಂಕಾಗಿ ಕಾಣುತ್ತಿದೆ ಎಂಬುದರಿಂದ ದೂರ ಗೊತ್ತಾಗುತ್ತದೆ. ಈ ಅಳತೆಗೋಲನ್ನು ಹಿಡಿದೇ ಎಡ್ವಿನ್ ಹಬಲ್ 1920ರ ದಶಕದಲ್ಲಿ ಆಂಡ್ರೊಮಿಡಾ ನಮ್ಮ ಗ್ಯಾಲಕ್ಸಿಯ ಹೊರಗಿದೆ ಎಂದು ಸಾಧಿಸಿದರು. ವಿಶ್ವ ಎಷ್ಟು ದೊಡ್ಡದು ಎಂದು ಅಳೆಯುವ ದಾರಿ ತೋರಿಸಿದ್ದು ಗಂಟೆಗೆ 30 ಸೆಂಟ್ ಪಡೆಯುತ್ತಿದ್ದ ಒಬ್ಬ ಕಂಪ್ಯೂಟರ್.

1922ರಲ್ಲಿ ಬ್ರಿಟನ್ನಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಹವಾಮಾನವನ್ನು ಲೆಕ್ಕದಿಂದಲೇ ಮುಂಚಿತವಾಗಿ ಹೇಳುವ ಬಗ್ಗೆ ಪುಸ್ತಕ ಬರೆದರು. ಮೊದಲ ಮಹಾಯುದ್ಧದಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದಾಗಲೇ ಅವರು ಕೈಯಲ್ಲಿ ಒಂದು ಲೆಕ್ಕ ಮಾಡಿ ನೋಡಿದ್ದರು. ಉತ್ತರ ಪೂರ್ತಿ ತಪ್ಪಾಗಿ ಬಂದಿತ್ತು. ಆದರೂ ಎದೆಗುಂದಲಿಲ್ಲ. ಪುಸ್ತಕದಲ್ಲಿ ಅವರೊಂದು ಕಲ್ಪನೆ ಬಿಡಿಸಿದ್ದಾರೆ. ಒಂದು ಬೃಹತ್ ಸಭಾಂಗಣ. ಗೋಡೆ, ಚಾವಣಿ, ನೆಲದ ಮೇಲೆಲ್ಲ ಭೂಪಟ. ಅದರ ಸುತ್ತ ಕೂತ 64,000 ಕಂಪ್ಯೂಟರುಗಳು, ಒಬ್ಬೊಬ್ಬರಿಗೂ ತಮ್ಮ ಪಾಲಿನ ಭೂಭಾಗದ ಲೆಕ್ಕ. ನಡುವೆ ಎತ್ತರದ ಕಂಬದ ಮೇಲೆ ಒಬ್ಬ ಮೇಲ್ವಿಚಾರಕ. ಬೇರೆಯವರಿಗಿಂತ ಮುಂದೆ ಓಡುತ್ತಿರುವವರ ಮೇಲೆ ಗುಲಾಬಿ ಬೆಳಕು, ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕು ಬೀರುತ್ತಿರುತ್ತಾನೆ. ಈ ಪುಟವನ್ನು ಇವತ್ತು ಓದಿದವರಿಗೆ 64,000 ಯಂತ್ರಗಳು ಸಾಲಾಗಿ ನಿಂತಂತೆ ಕಣ್ಣಿಗೆ ಕಟ್ಟಬಹುದು. ರಿಚರ್ಡ್‌ಸನ್ ಮನಸ್ಸಿನಲ್ಲಿದ್ದದ್ದು 64,000 ಜನ.

ಅಷ್ಟು ಜನ ಒಂದೇ ಕಡೆ ಸೇರಲಿಲ್ಲ, ನಿಜ. ಆದರೆ 1938ರಲ್ಲಿ ನ್ಯೂಯಾರ್ಕಿನಲ್ಲಿ ಸಣ್ಣ ರೂಪದಲ್ಲಿ ಅಂಥದ್ದೊಂದು ನಡೆಯಿತು. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದವರಿಗಾಗಿ ಅಮೆರಿಕ ಸರ್ಕಾರ ‘ಮ್ಯಾಥಮೆಟಿಕಲ್ ಟೇಬಲ್ಸ್ ಪ್ರಾಜೆಕ್ಟ್’ ಶುರು ಮಾಡಿತು. ಗಣಿತಜ್ಞೆ ಗರ್ಟ್ರೂಡ್ ಬ್ಲಾಂಚ್ ಲೆಕ್ಕಗಳನ್ನು ಯೋಜಿಸುತ್ತಿದ್ದರು. ಬಂದವರಲ್ಲಿ ಹೆಚ್ಚಿನವರಿಗೆ ಶಾಲೆಯ ಗಣಿತವೂ ಮರೆತುಹೋಗಿತ್ತು. ಋಣ ಸಂಖ್ಯೆ ಎಂದರೇನು ಎಂದು ಅವರಿಗೆ ಪಾಠ ಮಾಡುವ ಬದಲು ಶಾಯಿಯ ಬಣ್ಣ ಬದಲಾಯಿಸಿದರು. ಧನ ಸಂಖ್ಯೆ ಕಪ್ಪು, ಋಣ ಸಂಖ್ಯೆ ಕೆಂಪು. ಕಪ್ಪಿಗೆ ಕಪ್ಪು ಕೂಡಿದರೆ ಕಪ್ಪು, ಕೆಂಪಿಗೆ ಕೆಂಪು ಕೂಡಿದರೆ ಕೆಂಪು, ಕಪ್ಪು ಕೆಂಪು ಒಟ್ಟಿಗೆ ಬಂದರೆ ಹಾಳೆಯನ್ನು ಮುಂದಿನ ಗುಂಪಿಗೆ ದಾಟಿಸು. ಗೋಡೆಯ ಮೇಲೆ ಇಷ್ಟೇ ಬರೆದಿತ್ತು. ಇವತ್ತಿನ ಭಾಷೆಯಲ್ಲಿ ಇದಕ್ಕೆ ಪ್ರೋಗ್ರಾಮ್ ಅನ್ನುತ್ತೇವೆ. ಹಾಗೆ ಲೆಕ್ಕ ಮಾಡಿ ತಂದ ಕೋಷ್ಟಕಗಳಿಗೆ ನಿಖರತೆಯಲ್ಲಿ ಒಳ್ಳೆಯ ಹೆಸರಿತ್ತು.

ಈಗ ಪದ ಕೈ ಬದಲಾಯಿಸಿದ ಹೊತ್ತಿಗೆ ಬರೋಣ. ಇಂಗ್ಲಿಷಿನಲ್ಲಿ ಪದದ ಕೊನೆಯ ‘ಅರ್’ ಮಾಡುವವರನ್ನು ಸೂಚಿಸುತ್ತದೆ. ಆದರೆ ಮಾಡುವುದು ಮನುಷ್ಯನೋ ಉಪಕರಣವೋ ಅನ್ನುವುದನ್ನು ಅದು ಹೇಳುವುದಿಲ್ಲ. ಹಾಗಾಗಿ ಕೆಲಸ ಯಂತ್ರಕ್ಕೆ ಹೋದಾಗ ಹೆಸರೂ ಸುಮ್ನೆ ಅದರ ಹಿಂದೆ ಹೋಗಿಬಿಡುತ್ತದೆ. ‘ಪ್ರಿಂಟರ್’ ಮೊದಲು ಅಚ್ಚು ಹಾಕುವ ಮನುಷ್ಯ. ‘ಕ್ಯಾಲ್ಕುಲೇಟರ್’ ಕೂಡ ಮನುಷ್ಯನೇ. ‘ಟೈಪ್‌ರೈಟರ್’ ಮಾತ್ರ ಉಲ್ಟಾ ನಡೆಯಿತು. 19ನೇ ಶತಮಾನದ ಕೊನೆಯಲ್ಲಿ ಯಂತ್ರಕ್ಕೂ ಅದರ ಮುಂದೆ ಕೂತ ಹುಡುಗಿಗೂ ಅದೇ ಹೆಸರಿತ್ತು. ಲೆಕ್ಕದ ಸಾಧನಗಳನ್ನೂ ಅಲ್ಲೊಮ್ಮೆ ಇಲ್ಲೊಮ್ಮೆ ಕಂಪ್ಯೂಟರ್ ಎನ್ನುವುದು ಆ ಕಾಲದಲ್ಲೇ ಶುರುವಾಗಿತ್ತು. ಹಾಗಿದ್ದರೂ ಎರಡನೇ ಮಹಾಯುದ್ಧದವರೆಗೆ ಆ ಪದ ಕೇಳಿದರೆ ಮೊದಲು ನೆನಪಾಗುತ್ತಿದ್ದದ್ದು ಮನುಷ್ಯರೇ.

ಯುದ್ಧ ಎಲ್ಲವನ್ನೂ ಬದಲಿಸಿತು. ಹೊಸ ಫಿರಂಗಿ ಬಂದಾಗಲೆಲ್ಲ ಅದರ ಗುಂಡು ಎಲ್ಲಿ ಬೀಳುತ್ತದೆ ಎಂಬ ಕೋಷ್ಟಕ ಬೇಕಿತ್ತು. ಒಂದೇ ಒಂದು ಗುಂಡಿನ ದಾರಿಯನ್ನು ಕೈಯಲ್ಲಿ ಲೆಕ್ಕ ಹಾಕಲು 20ರಿಂದ 40 ಗಂಟೆ ಹಿಡಿಯುತ್ತಿತ್ತು. ಅಂಥ ದಾರಿಗಳು ಒಂದೊಂದು ಕೋಷ್ಟಕಕ್ಕೂ ನೂರಾರು ಬೇಕು. ಫಿಲಡೆಲ್ಫಿಯಾದಲ್ಲಿ ಗಣಿತ ಓದಿದ ಹುಡುಗಿಯರನ್ನು ಹುಡುಕಿ ಹುಡುಕಿ ‘ಕಂಪ್ಯೂಟರ್’ ಹುದ್ದೆಗೆ ಸೇರಿಸಿಕೊಂಡರು. ಅದೇ ಊರಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಆ ಹುಡುಗಿಯರ ಕೆಲಸವನ್ನೇ ಮಾಡುವ ಯಂತ್ರವೂ ತಯಾರಾಗುತ್ತಿತ್ತು. ಸುಮಾರು 18,000 ವಾಲ್ವುಗಳು, ಅಂದರೆ ವಿದ್ಯುತ್ ಹರಿವನ್ನು ನಿಯಂತ್ರಿಸುವ ನಿರ್ವಾತ ನಳಿಗೆಗಳು. 30 ಟನ್ ತೂಕ. ಹೆಸರು ‘ಎಲೆಕ್ಟ್ರಾನಿಕ್ ನ್ಯೂಮರಿಕಲ್ ಇಂಟಗ್ರೇಟರ್ ಅಂಡ್ ಕಂಪ್ಯೂಟರ್’, ಚಿಕ್ಕದಾಗಿ ಎನಿಯಾಕ್.

1945ರ ಫೆಬ್ರವರಿಯಲ್ಲಿ ಜಾರ್ಜ್ ಸ್ಟಿಬಿಟ್ಜ್ ಎಂಬ ಗಣಿತಜ್ಞ ಸರ್ಕಾರಿ ಸಮಿತಿಯೊಂದಕ್ಕೆ ಬರೆದ ವರದಿಯಲ್ಲಿ ಪದಗಳನ್ನು ಗೊತ್ತುಮಾಡಿದರು. ಒಂದರ ಹಿಂದೊಂದು ಲೆಕ್ಕವನ್ನು ತಾನೇ ನಡೆಸಿಕೊಂಡು ಹೋಗುವ ಯಂತ್ರ ‘ಕಂಪ್ಯೂಟರ್’. ಗೊಂದಲ ಆಗದಿರಲಿ ಎಂದು ಮನುಷ್ಯರನ್ನು ‘ಆಪರೇಟರ್’ ಎಂದು ಕರೆಯುವುದು. ಪದದ ಅರ್ಥ ಸಾಮಾನ್ಯವಾಗಿ ಯಾರಿಗೂ ಗೊತ್ತಾಗದ ಹಾಗೆ ಜಾರುತ್ತದೆ. ಇಲ್ಲಿ ಅದು ಜಾರುವುದನ್ನು ಒಂದು ಸರ್ಕಾರಿ ಕಾಗದದ ಮೇಲೆ ನೋಡಬಹುದು. ನನಗೆ ಈ ಕಥೆಯಲ್ಲಿ ಅತ್ಯಂತ ಅಪರೂಪ ಅನಿಸುವುದು ಇದೇ.

ಎನಿಯಾಕ್ ನಡೆಸಲು ಕಂಪ್ಯೂಟರ್ ಹುದ್ದೆಯಲ್ಲಿದ್ದವರಿಂದಲೇ ಆರು ಹುಡುಗಿಯರನ್ನು ಆರಿಸಿದರು. ಕೇ ಮಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್. ಅವರಿಗೆ ಕೈಪಿಡಿ ಇರಲಿಲ್ಲ. ಯಂತ್ರದ ನಕ್ಷೆಗಳನ್ನು ಬಿಡಿಸಿ ನೋಡಿ, ಯಾವ ತಂತಿ ಎಲ್ಲಿಗೆ ಚುಚ್ಚಬೇಕು ಎಂದು ತಾವೇ ಕಂಡುಕೊಂಡರು. 1946ರ ಫೆಬ್ರವರಿಯಲ್ಲಿ ಎನಿಯಾಕ್ ಲೋಕದೆದುರು ಬಂತು. ಗುಂಡಿನ ದಾರಿಯನ್ನು ಗುಂಡು ನೆಲ ಮುಟ್ಟುವುದಕ್ಕಿಂತ ಬೇಗ ಲೆಕ್ಕ ಹಾಕಿ ತೋರಿಸಿತು. ಆ ಪ್ರದರ್ಶನದ ಪ್ರೋಗ್ರಾಮ್ ಬರೆದದ್ದು ಈ ಹುಡುಗಿಯರು. ಆ ರಾತ್ರಿಯ ಸಂಭ್ರಮದ ಔತಣಕ್ಕೆ ಅವರನ್ನು ಕರೆಯಲಿಲ್ಲ. ಯಂತ್ರದ ಪಕ್ಕ ನಿಂತ ಅವರ ಫೋಟೊಗಳು ಉಳಿದವು. ಆದರೆ ದಶಕಗಳ ಕಾಲ ಆ ಫೋಟೊಗಳಲ್ಲಿರುವವರು ಯಾರು ಎಂದು ಯಾರೂ ಕೇಳಲಿಲ್ಲ.

ಹಳೆಯ ಅರ್ಥ ಒಂದೇ ದಿನಕ್ಕೆ ಸಾಯಲಿಲ್ಲ. ಅಮೆರಿಕದ ಲ್ಯಾಂಗ್ಲಿ ವಿಮಾನ ಸಂಶೋಧನಾ ಕೇಂದ್ರದಲ್ಲಿ 1950ರ ದಶಕದಲ್ಲೂ ಕಂಪ್ಯೂಟರ್ ಎಂಬ ಹುದ್ದೆಯಲ್ಲಿ ಹೆಂಗಸರಿದ್ದರು. ಕಪ್ಪು ಜನಾಂಗದವರಿಗೆ ಪ್ರತ್ಯೇಕ ಕೋಣೆ. ಡೊರೊಥಿ ವಾನ್ ಅದರ ಮುಖ್ಯಸ್ಥೆ. 1953ರಲ್ಲಿ ಅಲ್ಲಿಗೆ ಸೇರಿದ ಕ್ಯಾಥರೀನ್ ಜಾನ್ಸನ್ ಬೇಗನೆ ವಿಮಾನಗಳ, ಆಮೇಲೆ ಬಾಹ್ಯಾಕಾಶ ನೌಕೆಗಳ ಲೆಕ್ಕಕ್ಕೆ ಹೋದರು. 1962ರಲ್ಲಿ ಜಾನ್ ಗ್ಲೆನ್ ಭೂಮಿಯ ಸುತ್ತ ಹಾರಲು ಸಿದ್ಧರಾಗಿದ್ದಾಗ ನೌಕೆಯ ದಾರಿಯ ಲೆಕ್ಕ ಯಂತ್ರದಿಂದ ಬಂದಿತ್ತು. ಗ್ಲೆನ್‌ಗೆ ಅದರ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ. ಆ ಹುಡುಗಿಯ ಹತ್ತಿರ ಇನ್ನೊಮ್ಮೆ ಲೆಕ್ಕ ಮಾಡಿಸಿ, ಅವಳು ಸರಿ ಎಂದರೆ ನಾನು ಸಿದ್ಧ ಎಂದರು. ಜಾನ್ಸನ್‌ಗೆ ಆಗ 43 ವರ್ಷ. ಅವರು ಅದೇ ಸಮೀಕರಣಗಳನ್ನು ಕೈಯಲ್ಲಿ ಬಿಡಿಸಿದರು. ಅಂಕಿಗಳು ತಾಳೆಯಾದವು. ಫೆಬ್ರವರಿ 20ಕ್ಕೆ ಗ್ಲೆನ್ ಹಾರಿದರು.

ಯಂತ್ರ ಮಾರುವವರಿಗೂ ಈ ಪದದ ಬಗ್ಗೆ ಅಳುಕಿತ್ತು. ಐಬಿಎಂ ಕಂಪನಿ ತನ್ನ ಮೊದಲ ಯಂತ್ರಗಳಿಗೆ ‘ಕ್ಯಾಲ್ಕುಲೇಟರ್’, ‘ಡೇಟಾ ಪ್ರೊಸೆಸಿಂಗ್ ಮೆಷಿನ್’ ಎಂದೆಲ್ಲ ಹೆಸರಿಟ್ಟಿತು. ಕಂಪ್ಯೂಟರ್ ಎಂದರೆ ಆ ಕೆಲಸ ಮಾಡುವ ಜನ ನೆನಪಾಗುತ್ತಾರೆ, ಅವರ ಅನ್ನ ಕಸಿಯುವ ಯಂತ್ರ ಅನಿಸಿಕೊಳ್ಳಬಾರದು ಎಂಬುದು ಕಾರಣ ಎಂದು ಇತಿಹಾಸಕಾರರು ಬರೆದಿದ್ದಾರೆ. ಫ್ರಾನ್ಸಿನಲ್ಲಿ ಇದೇ ಕಂಪನಿ 1955ರಲ್ಲಿ ಲ್ಯಾಟಿನ್ ಪ್ರಾಧ್ಯಾಪಕ ಜಾಕ್ ಪೆರೆ ಅವರ ಬಳಿ ಹೊಸ ಹೆಸರು ಕೇಳಿತು. ಅವರು ಸೂಚಿಸಿದ್ದು ‘ಓರ್ದಿನಾತರ್’, ಜಗತ್ತನ್ನು ಕ್ರಮದಲ್ಲಿಡುವ ದೇವರಿಗೆ ಬಳಸುತ್ತಿದ್ದ ಹಳೆಯ ಪದ. ಐಸ್‌ಲ್ಯಾಂಡಿನವರು ‘ತೋಲ್ವ’ ಎಂದು ಟಂಕಿಸಿದರು. ಅಂಕಿ ಎಂಬ ಪದಕ್ಕೆ ಭವಿಷ್ಯ ನುಡಿಯುವ ಹೆಣ್ಣು ಎಂಬ ಪದ ಬೆಸೆದದ್ದು ಅದು. ಕನ್ನಡದಲ್ಲಿ ‘ಗಣಕ’ ಎಂದರೆ ಹಿಂದೆ ಲೆಕ್ಕಿಗ, ಜ್ಯೋತಿಷಿ. ಅಂದರೆ ಮನುಷ್ಯನೇ. ನಾವು ಅದಕ್ಕೆ ‘ಯಂತ್ರ’ ಸೇರಿಸಿ ಗಣಕಯಂತ್ರ ಎಂದೆವು. ಬರಬರುತ್ತಾ ಬಾಲ ಬಿದ್ದು ಬರೀ ಗಣಕ ಉಳಿಯಿತು. ಈಗ ಗಣಕ ಎಂದರೆ ಜ್ಯೋತಿಷಿ ನೆನಪಾಗುವುದು ಯಾರಿಗೆ?

ಅರ್ಥ ಪೂರ್ತಿ ಮಗುಚಿಕೊಂಡದ್ದಕ್ಕೆ ಗುರುತು ಬೇಕಿದ್ದರೆ ‘ಮಾನವ ಕಂಪ್ಯೂಟರ್’ ಎಂಬ ಮಾತನ್ನು ನೋಡಿ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿದರು. 26 ಅಂಕಿಗಳ ಉತ್ತರ ಹೇಳಲು ಹಿಡಿದದ್ದು 28 ಸೆಕೆಂಡು. ಜಗತ್ತು ಅವರನ್ನು ಮಾನವ ಕಂಪ್ಯೂಟರ್ ಎಂದು ಹೊಗಳಿತು. ಇದೇ ಮಾತನ್ನು ಮೇರಿ ಎಡ್ವರ್ಡ್ಸ್‌ಗೋ ಸಿಕ್ದಾರ್‌ಗೋ ಹೇಳಿದ್ದರೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ಮಾನವನಲ್ಲದ ಕಂಪ್ಯೂಟರ್ ಎಲ್ಲಿರುತ್ತದೆ? ಮೊದಲು ಯಂತ್ರಕ್ಕೆ ಮನುಷ್ಯರ ಹೆಸರು ಕೊಟ್ಟೆವು. ಆಮೇಲೆ ಮನುಷ್ಯರನ್ನು ಹೊಗಳಲು ಅದನ್ನೇ ಯಂತ್ರದಿಂದ ವಾಪಸು ಎರವಲು ತಂದೆವು.

ಪದ ಈಗಲೂ ನಿಂತಿಲ್ಲ. ಜೇಬಿನಲ್ಲಿರುವುದು ಎನಿಯಾಕ್‌ಗಿಂತ ಎಷ್ಟೋ ಪಟ್ಟು ಬಲವಾದ ಕಂಪ್ಯೂಟರ್. ಅದನ್ನು ನಾವು ಫೋನ್ ಅನ್ನುತ್ತೇವೆ. ಕಂಪ್ಯೂಟರ್ ಎಂದರೆ ಮೇಜಿನ ಮೇಲೋ ತೊಡೆಯ ಮೇಲೋ ಇರುವ ಪರದೆ ಮತ್ತು ಕೀಲಿಮಣೆ ಎಂದಾಗಿಬಿಟ್ಟಿದೆ. ಇನ್ನು ಕೃತಕ ಬುದ್ಧಿಮತ್ತೆಯ ಕೆಲಸ ಮಾಡುವವರ ಬಾಯಲ್ಲಿ ‘ಕಂಪ್ಯೂಟ್’ ಕ್ರಿಯಾಪದವಾಗಿಯೂ ಉಳಿದಿಲ್ಲ. ಅದು ನಾಮಪದ, ವಿದ್ಯುತ್ತಿನ ಹಾಗೆ ಅಳೆದು ಕೊಳ್ಳುವ ಸರಕು. ನಿಮ್ಮ ಹತ್ತಿರ ಎಷ್ಟು ಕಂಪ್ಯೂಟ್ ಇದೆ, ಇದಕ್ಕೆ ಎಷ್ಟು ಕಂಪ್ಯೂಟ್ ಬೇಕು, ಕಂಪ್ಯೂಟ್ ಸಾಲದು ಎಂದು ಮಾತಾಡಿಕೊಳ್ಳುತ್ತಾರೆ. ಮಾಡುವವರನ್ನು ಸೂಚಿಸುತ್ತಿದ್ದ ಕೊನೆಯ ‘ಅರ್’ ಅಲ್ಲಿ ಬಿದ್ದೇ ಹೋಗಿದೆ.